ಅಪಸ್ಮಾರ: ಪ್ರಾರ್ಥನೆಯಿಂದ ಗುಣವಾಯಿತು ಅಂತ ಮಾತ್ರೆ ನಿಲ್ಲಿಸಬಹುದೇ? ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ದಿನಗಳ) ಉಪವಾಸ ಹೇಗೆ?

ಪ್ರಶ್ನೆ (ಸಾಗರ ಕಡೆಯವರು):
ನಮ್ಮ ಧರ್ಮಕೇಂದ್ರದ (ಚರ್ಚಿನ) 19ರ ಹುಡುಗನಿಗೆ ಫಿಟ್ಸ್ ಇದೆ. ಲೆವೆಟಿರಾಸಿಟಾಮ್ ಮಾತ್ರೆ ಎರಡು ಹೊತ್ತು. ಎಂಟು ತಿಂಗಳಿಂದ ಫಿಟ್ಸ್ ಬಂದಿಲ್ಲ. "ದೇವರು ವಾಸಿಮಾಡಿದ್ದಾರೆ, ಇನ್ನೂ ಮಾತ್ರೆ ನುಂಗಿದರೆ ವಿಶ್ವಾಸ ಇಲ್ಲ ಅಂತಾಯ್ತು" ಎಂದು ಪ್ರಾರ್ಥನಾ ಕೂಟದ ಕೆಲವರು ಹೇಳುತ್ತಿದ್ದಾರೆ. ಬೈಬಲಿನ ಮಾರ್ಕ 9ರಲ್ಲಿ ಇಂಥದ್ದೇ ಹುಡುಗನಿಗೆ ದೆವ್ವ ಹಿಡಿದಿದೆ ಅಂದಿದೆಯಲ್ಲ, ಅದಕ್ಕೇನು ಹೇಳುವುದು? ಉಪವಾಸ, ಪವಿತ್ರ ಗುರುವಾರದ (ಶುಭ ಶುಕ್ರವಾರದ ಹಿಂದಿನ ರಾತ್ರಿಯ) ಜಾಗರಣೆ ಮಾಡಬಹುದಾ? ಮೊದಮೊದಲು ತಲೆಸ್ನಾನದ ಹೊತ್ತಿಗೇ ಬರುತ್ತಿತ್ತಂತೆ.

ಉತ್ತರ 1 (ನರ್ಸಿಂಗ್, ತೀರ್ಥಹಳ್ಳಿ):
ಮಾತ್ರೆ ನಿಲ್ಲಿಸಬೇಡಿ ಅಣ್ಣ. ಮಿದುಳಿನ ಜೀವಕೋಶಗಳು ಒಮ್ಮೆಲೇ ಅಂಕೆಯಿಲ್ಲದೆ ವಿದ್ಯುತ್ ಹರಿಸುವುದೇ ಫಿಟ್ಸ್. ಮಾತ್ರೆ ಆ ಪ್ರವೃತ್ತಿಯನ್ನು ಅಳಿಸುವುದಿಲ್ಲ, ತಡೆದು ಹಿಡಿದಿರುತ್ತದೆ. ತಟ್ಟನೆ ಬಿಟ್ಟರೆ ನಿಲ್ಲದ ಫಿಟ್ಸ್ ಬರಬಹುದು, ಅದು ಪ್ರಾಣಕ್ಕೇ ಸಂಚಕಾರ. ಸಾಮಾನ್ಯವಾಗಿ ಎರಡು ವರ್ಷವಾದರೂ ಫಿಟ್ಸ್ ಇಲ್ಲದಿದ್ದರೆ ಮಾತ್ರ ಡಾಕ್ಟರು ಬಿಡಿಸುವ ಯೋಚನೆ ಮಾಡುತ್ತಾರೆ, ಅದೂ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪ ಇಳಿಸಿ. ಎಂಟು ತಿಂಗಳು ಸಾಲದು.

ಒಂದು ಹೊತ್ತು ತಪ್ಪಿದರೆ ನೆನಪಾದ ಕೂಡಲೇ ನುಂಗಲಿ. ಮುಂದಿನ ಹೊತ್ತು ಹತ್ತಿರವಿದ್ದರೆ ತಪ್ಪಿದ್ದನ್ನು ಬಿಡಲಿ, ಎರಡನ್ನೂ ಒಟ್ಟಿಗೆ ಬೇಡ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆಗುವ ಊರುಗಳಲ್ಲಿ ಮೆಡಿಕಲ್ ಶಾಪಿಗೆ ಹೋಗಲಾಗದೆ ಮಾತ್ರೆ ತಪ್ಪುವುದೇ ಹೆಚ್ಚು. ಜೂನ್ ಬರುವ ಮುಂಚೆ ಹದಿನೈದು ದಿನದ್ದಾದರೂ ಹೆಚ್ಚುವರಿ ತಂದಿಟ್ಟುಕೊಳ್ಳಿ.

ಉತ್ತರ 2 (ಧರ್ಮೋಪದೇಶ ತರಗತಿ ನಡೆಸುವವರು):
ಮಾರ್ಕ 9 ಓದುವವರು ಅಲ್ಲಿನ ತಂದೆಯನ್ನೂ ನೋಡಬೇಕು. ನಂಬುತ್ತೇನೆ, ಆದರೂ ನನ್ನ ಅಪನಂಬಿಕೆಗೆ ನೆರವಾಗು ಎಂದು ಬೇಡಿದವನು ಅವನು. ಆ ಅರೆಬರೆ ವಿಶ್ವಾಸದವನ ಮಗನನ್ನೇ ಯೇಸು ಎಬ್ಬಿಸಿದರು. ವಿಶ್ವಾಸ ಕಡಿಮೆಯಾದ್ದರಿಂದ ಕಾಯಿಲೆ ಎನ್ನುವ ಮಾತಿಗೆ ಅಲ್ಲಿ ಆಧಾರವೇ ಇಲ್ಲ. ಮತ್ತಾಯ 4:24 ದೆವ್ವ ಹಿಡಿದವರನ್ನೂ ಮೂರ್ಛೆರೋಗಿಗಳನ್ನೂ ಬೇರೆಬೇರೆಯಾಗಿ ಹೆಸರಿಸುತ್ತದೆ. ಹುಟ್ಟುಕುರುಡನ ವಿಷಯದಲ್ಲಿ ಇವನ ಪಾಪವೂ ಅಲ್ಲ, ಹೆತ್ತವರ ಪಾಪವೂ ಅಲ್ಲ ಎಂದು ಪ್ರಭುವೇ ಹೇಳಿದ್ದಾರೆ (ಯೊವಾನ್ನ 9:3). ನಮ್ಮ ಬೈಬಲಿನ ಸಿರಾಖ ಗ್ರಂಥದ 38ನೇ ಅಧ್ಯಾಯ ಇನ್ನೂ ನೇರ: ಔಷಧಿಯನ್ನು ನೆಲದಿಂದ ಹುಟ್ಟಿಸಿದವನು ದೇವರೇ, ಪ್ರಾರ್ಥಿಸು, ಆಮೇಲೆ ವೈದ್ಯನಿಗೂ ಜಾಗ ಕೊಡು. ಕೂಟದವರು ಅವನಿಗಾಗಿ ಬೇಡಲಿ, ತುಂಬಾ ಒಳ್ಳೆಯದು. ಆದರೆ ಮಾತ್ರೆ ಬಿಡಿಸುವುದು ಪ್ರಾರ್ಥನೆಯ ಭಾಗವಲ್ಲ.

ಉಪವಾಸದ ಕಟ್ಟಳೆ 18ರಿಂದ 59 ವಯಸ್ಸಿನವರಿಗೆ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ. ಕಾಯಿಲೆಯವರಿಗೆ ಅದೂ ಇಲ್ಲ. ಅವನು ಮಾಂಸ ಬಿಡಲಿ, ಊಟ ಬಿಡುವುದು ಬೇಡ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ನೀರಿನಿಂದಲೂ ಔಷಧಿಯಿಂದಲೂ ಮುರಿಯುವುದಿಲ್ಲ, ಬೆಳಗಿನ ಮಾತ್ರೆ ನುಂಗಿಯೇ ಪೂಜೆಗೆ ಬರಲಿ. ಜಾಗರಣೆ ಮಾತ್ರ ಖಂಡಿತ ಬೇಡ. ನಿದ್ದೆಗೆಟ್ಟರೆ ಫಿಟ್ಸ್ ಕೆರಳುತ್ತದೆ. ಗುರುವಾರ ಸಂಜೆ ಪೂಜೆ ಮುಗಿದ ಮೇಲೆ ಒಂದು ತಾಸು ಆರಾಧನೆಗೆ ಕೂತು ಮನೆಗೆ ಹೋಗಿ ಮಲಗಲಿ.

ಉತ್ತರ 3 (ಶಿವಮೊಗ್ಗ):
ತಲೆಸ್ನಾನದ ವಿಷಯ ಡಾಕ್ಟರಿಗೆ ಹೇಳಿದ್ದಾರಾ? ತಪ್ಪದೆ ಹೇಳಿ. ಬಿಸಿನೀರಿನ ಅಪಸ್ಮಾರ ಎಂಬ ಬಗೆಯೇ ಇದೆ, ನಮ್ಮ ರಾಜ್ಯದ ದಕ್ಷಿಣದ ಜಿಲ್ಲೆಗಳಿಂದ ನಿಮ್ಹಾನ್ಸ್‌ನವರು ಬಹಳ ದಾಖಲಿಸಿದ್ದಾರೆ. ಹಂಡೆಯ ಸುಡುನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿದುಕೊಳ್ಳುವುದೇ ಕಾರಣ. ನೀರು ಉಗುರುಬೆಚ್ಚಗಿರಲಿ, ಮೊದಲು ಮೈಗೆ, ತಲೆಗೆ ಕೊನೆಯಲ್ಲಿ ಸ್ವಲ್ಪಸ್ವಲ್ಪವಾಗಿ. ಕೂತೇ ಸ್ನಾನ ಮಾಡಲಿ, ಬಚ್ಚಲ ಚಿಲಕ ಹಾಕಬಾರದು.

ಆ ಸುವಾರ್ತೆಯ ಹುಡುಗ ಬೆಂಕಿಗೂ ನೀರಿಗೂ ಬೀಳುತ್ತಿದ್ದ. ನಮ್ಮಲ್ಲಿ ಅವು ಯಾವುವು ಅಂದರೆ ಬಚ್ಚಲೊಲೆ, ಅಡಿಕೆ ಬೇಯಿಸುವ ಹಂಡೆ, ಕೃಷಿಹೊಂಡ, ಹೊಳೆ. ಇವುಗಳ ಹತ್ತಿರ ಒಬ್ಬನೇ ಬೇಡ. ಅಡಿಕೆ ಕೊನೆ ಕೊಯ್ಯಲು ಮರ ಹತ್ತುವುದು, ಬೈಕ್ ಓಡಿಸುವುದು ಸದ್ಯಕ್ಕೆ ಬೇಡ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಇಗರ್ಜಿಯಲ್ಲೇ (ಚರ್ಚಿನಲ್ಲೇ) ಫಿಟ್ಸ್ ಬಂದರೆ? ಕೆಲವರು ಕೈಗೆ ಬೀಗದ ಕೈ ಕೊಡುತ್ತಾರೆ, ತೀರ್ಥ ಕುಡಿಸಲು ಹೋಗುತ್ತಾರೆ.

ಉತ್ತರ 1:
ಕಬ್ಬಿಣದಿಂದ ಏನೂ ಆಗದು. ಬಾಯಿಗೆ ಏನೂ ಹಾಕಬೇಡಿ, ತೀರ್ಥವನ್ನೂ, ಶ್ವಾಸನಾಳಕ್ಕೆ ಇಳಿಯುತ್ತದೆ. ಮೊದಲು ಗಡಿಯಾರ ನೋಡಿ. ಬೆಂಚು ಸರಿಸಿ, ತಲೆಯಡಿಗೆ ಶಾಲು ಮಡಿಸಿಟ್ಟು, ಕತ್ತಿನ ಗುಂಡಿ ಬಿಚ್ಚಿ. ಕೈಕಾಲು ಅದುಮಿ ಹಿಡಿಯಬೇಡಿ. ಅದುರುವುದು ನಿಂತ ಕೂಡಲೇ ಪಕ್ಕಕ್ಕೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. ಐದು ನಿಮಿಷ ದಾಟಿದರೆ ಅಥವಾ ಎಚ್ಚರವಾಗುವ ಮುಂಚೆ ಮತ್ತೊಂದು ಬಂದರೆ 108ಕ್ಕೆ ಫೋನ್ ಮಾಡಿ. ಒಳಗಿನ ಹಳ್ಳಿಗಳಿಗೆ ಆಂಬುಲೆನ್ಸ್ ತಡವಾಗುತ್ತದೆ, ಅದಕ್ಕೇ ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಾಜೊಲಾಮ್ ಸ್ಪ್ರೇ ಅವನಿಗೆ ಬೇಕೇ ಎಂದು ಡಾಕ್ಟರನ್ನು ಈಗಲೇ ಕೇಳಿಟ್ಟುಕೊಳ್ಳಿ. ಬರೆದುಕೊಟ್ಟರೆ ಪೂಜೆಗೆ ಬರುವಾಗಲೂ ಅದು ಮನೆಯವರ ಚೀಲದಲ್ಲಿರಲಿ.