ಹಾರ್ಡ್‌ಡಿಸ್ಕಿನ ‘ಇಮೇಜ್’: ಚಿತ್ರವೋ, ನಕಲೋ, ಪಡಿಯಚ್ಚೋ?

ಗೆಳೆಯರೆ, ನಮಸ್ಕಾರ.

ರಾಯಚೂರಿನಲ್ಲಿ ವಕೀಲರಿಗೆ ಇಂಗ್ಲಿಷ್ ವರದಿಗಳನ್ನು ಕನ್ನಡ ಮಾಡಿಕೊಡುವುದು ನನ್ನ ಕೆಲಸ. ಈಗೀಗ ಸೈಬರ್ ಪ್ರಕರಣಗಳ ವರದಿಯೇ ಜಾಸ್ತಿ. ‘ಎಫ್‌ಟಿಕೆ ಇಮೇಜರ್ ಬಳಸಿ ಹಾರ್ಡ್‌ಡಿಸ್ಕಿನ ಇಮೇಜ್ ತೆಗೆಯಲಾಯಿತು’ ಎಂಬಂಥ ಸಾಲು ಮೇಲಿಂದ ಮೇಲೆ ಬರುತ್ತದೆ (ಎಫ್‌ಟಿಕೆ ಇಮೇಜರ್ ಅನ್ನುವುದು ಆ ಕೆಲಸದ ತಂತ್ರಾಂಶ). ಈ ‘ಇಮೇಜ್’ಗೆ ಕನ್ನಡದಲ್ಲಿ ಏನನ್ನೋಣ? ‘ಚಿತ್ರ’ ಅಂತ ಬರೆದರೆ ಡಿಸ್ಕಿನ ಫೋಟೊ ಹೊಡೆದರು ಅಂತಲೇ ಓದಿದವರು ತಿಳಿಯುತ್ತಾರೆ. ಜಪ್ತಿ ಮಾಡುವಾಗ ಫೋಟೊ ತೆಗೆಯುವುದೂ ಇದೆಯಲ್ಲ, ಗೊಂದಲ ಇನ್ನೂ ಹೆಚ್ಚು.

ಗಂಜಿನ (ಕೃಷಿ ಮಾರುಕಟ್ಟೆಯ) ಒಂದು ದಲಾಲಿ ಅಂಗಡಿಯ ಕಂಪ್ಯೂಟರ್ ಜಪ್ತಿ ಆಯಿತು ಅಂತಿಟ್ಟುಕೊಳ್ಳಿ. ಹತ್ತಿ ಲೆಕ್ಕದ ಫೈಲನ್ನು ಯಾರೋ ಅಳಿಸಿದ್ದಾರೆ. ಪೆನ್‌ಡ್ರೈವಿಗೆ ಸುಮ್ನೆ ಕಾಪಿ ಮಾಡಿದರೆ ಕಣ್ಣಿಗೆ ಕಾಣುವ ಫೈಲುಗಳಷ್ಟೇ ಬರುತ್ತವೆ. ಆದರೆ ಹಾರ್ಡ್‌ಡಿಸ್ಕಿನಲ್ಲಿ ಫೈಲ್ ಅಳಿಸಿದ ಕೂಡಲೇ ಒಳಗಿನದು ಹೋಗಿಬಿಡುವುದಿಲ್ಲ. ‘ಈ ಜಾಗ ಖಾಲಿ’ ಅಂತ ಗುರುತು ಬೀಳುತ್ತದೆ, ಅಷ್ಟೇ. ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಹಳೆಯದು ಅಲ್ಲೇ ಇರುತ್ತದೆ. ಇಮೇಜ್ ತೆಗೆಯುವಾಗ ಡಿಸ್ಕಿನ ಚಿಕ್ಕ ಚಿಕ್ಕ ಭಾಗಗಳಾದ ಸೆಕ್ಟರುಗಳಲ್ಲಿ ಮೊದಲನೆಯದರಿಂದ ಕೊನೆಯದರವರೆಗೆ, ಖಾಲಿ ಎನಿಸಿಕೊಂಡ ಜಾಗವನ್ನೂ ಬಿಡದೆ, ಇದ್ದದ್ದನ್ನು ಇದ್ದ ಹಾಗೇ ಎತ್ತಿಕೊಳ್ಳುತ್ತಾರೆ. ಮೂಲ ಡಿಸ್ಕಿನಲ್ಲಿ ಏನೂ ಬದಲಾಗದಂತೆ ನಡುವೆ ‘ರೈಟ್ ಬ್ಲಾಕರ್’ ಹಾಕುತ್ತಾರೆ. ಆಮೇಲೆ ‘ಆಟೊಪ್ಸಿ’ಯಂಥ ತಂತ್ರಾಂಶದಲ್ಲಿ ಹುಡುಕುವುದೆಲ್ಲ ಈ ಇಮೇಜಿನಲ್ಲೇ.

ಮೂಲವೂ ಇದೂ ಒಂದೇ ಅಂತ ತೋರಿಸಲು ಹ್ಯಾಶ್ ಇದೆ, ಅಂದರೆ ಒಳಗಿರುವ ದತ್ತಾಂಶದಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಗುರುತು. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಾದರೆ ಅದು 64 ಅಕ್ಷರ-ಅಂಕಿಗಳ ಸಾಲು. ಡಿಸ್ಕಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಸಾಲು ಬೇರೆಯೇ ಆಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಎಲೆಕ್ಟ್ರಾನಿಕ್ ದಾಖಲೆಗಳ ಜೊತೆ ಕೊಡುವ ಪ್ರಮಾಣಪತ್ರದಲ್ಲೂ ಹ್ಯಾಶ್ ನಮೂದಿಸಬೇಕು. ಅಂದಮೇಲೆ ಈ ಮಾತುಗಳು ಕೋರ್ಟಿನ ಕಾಗದಗಳಲ್ಲಿ ಇನ್ನೂ ಹೆಚ್ಚೇ ಬರುತ್ತವೆ.

ನನ್ನ ಮುಂದಿರುವ ಪದಗಳಲ್ಲಿ ‘ನಕಲು’ ಬಹಳ ಹತ್ತಿರದ್ದು. ‘ತೀರ್ಪಿನ ನಕಲು ತೆಗೆಸಿದೆ’ ಅಂದರೆ ಮೊಹರು ಬಿದ್ದ, ನಂಬಬಹುದಾದ ಪ್ರತಿ ಅಂತಲೇ ಅರ್ಥ. ಆದರೆ ಪರೀಕ್ಷೆಯಲ್ಲಿ ಹೊಡೆಯುವುದೂ ನಕಲೇ. ‘ನಕಲಿ’ಯಂತೂ ಪಕ್ಕದಲ್ಲೇ ಇದೆ. ಸಾಕ್ಷ್ಯದ ವಿಷಯದಲ್ಲಿ ಆ ನೆರಳು ಬೀಳಬಾರದು ಅನ್ನಿಸುತ್ತದೆ. ‘ಪ್ರತಿ’ಯನ್ನು ಮಾಮೂಲಿ ಕಾಪಿಗೆ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಎರಡರ ವ್ಯತ್ಯಾಸ ಹೇಳುವುದು ಹೇಗೆ? ‘ಪ್ರತಿಬಿಂಬ’ ಕೇಳಲು ಚೆನ್ನ, ಆದರೆ ಎದುರಿಗಿದ್ದದ್ದು ಸರಿದರೆ ಬಿಂಬವೂ ಹೋಯಿತು. ಇಲ್ಲಿ ಡಿಸ್ಕ್ ಕೆಟ್ಟರೂ ಇಮೇಜ್ ಉಳಿಯುತ್ತದೆ. ‘ತದ್ರೂಪಿ’ಯನ್ನು ‘ಕ್ಲೋನ್’ಗೆ ಬಿಡೋಣ. ಒಂದು ಡಿಸ್ಕನ್ನು ಇನ್ನೊಂದು ಡಿಸ್ಕಿಗೇ ಹಾಗೆ ಇಳಿಸುವುದು ಕ್ಲೋನ್. ಇಮೇಜ್ ಒಂದು ಫೈಲಾಗಿ, ಇಲ್ಲವೇ ತುಂಡುತುಂಡು ಫೈಲುಗಳಾಗಿ ಇರುತ್ತದೆ.

ನನ್ನ ಒಲವು ‘ಪಡಿಯಚ್ಚು’ ಕಡೆಗೆ. ‘ಹುಡುಗ ಅಪ್ಪನ ಪಡಿಯಚ್ಚು’ ಅಂತ ಎಲ್ಲರೂ ಅನ್ನುತ್ತೇವೆ. ‘ಹಾರ್ಡ್‌ಡಿಸ್ಕಿನ ಪಡಿಯಚ್ಚು ತೆಗೆಯಲಾಯಿತು. ಮೂಲದ ಹ್ಯಾಶ್ ಮತ್ತು ಪಡಿಯಚ್ಚಿನ ಹ್ಯಾಶ್ ತಾಳೆಯಾಗಿವೆ.’ ಓದಿದರೆ ನಾಲಿಗೆ ತೊಡರುವುದಿಲ್ಲ, ಅಲ್ವಾ? ಹ್ಯಾಶ್ ಅನ್ನು ಹ್ಯಾಶ್ ಅಂತಲೇ ಬಿಟ್ಟಿದ್ದೇನೆ, ತನಿಖೆ ಮಾಡುವವರು ಆಡುವುದೂ ಅದೇ.

ಎರಡು ವಿಷಯ ನಿಮ್ಮನ್ನು ಕೇಳಬೇಕು. ಒಂದು, ಆಡುಮಾತಿನ ಪಡಿಯಚ್ಚಿಗೆ ‘ತುಂಬಾ ಹೋಲುವುದು’ ಅಂತ ಅರ್ಥ. ‘ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ್ದು’ ಎಂಬ ಅರ್ಥವನ್ನು ಅದು ಹೊರುತ್ತದೆಯೇ? ಇನ್ನೊಂದು, ಓಡುತ್ತಿರುವ ಕಂಪ್ಯೂಟರಿನ ತಾತ್ಕಾಲಿಕ ಸ್ಮರಣೆ, ಅಂದರೆ ರ‍್ಯಾಮ್‌ನದೂ ಇಮೇಜ್ ತೆಗೆಯುತ್ತಾರೆ, ‘ವೊಲಾಟಿಲಿಟಿ’ ಎಂಬ ತಂತ್ರಾಂಶದಲ್ಲಿ ಅದನ್ನು ಪರಿಶೀಲಿಸುತ್ತಾರೆ. ರ‍್ಯಾಮ್ ತೆಗೆಯುತ್ತಿರುವಾಗಲೇ ಬದಲಾಗುತ್ತಿರುತ್ತದೆ. ತಾಳೆ ನೋಡಲು ಆಮೇಲೆ ಮೂಲವೇ ಇರುವುದಿಲ್ಲ. ಅದನ್ನೂ ಪಡಿಯಚ್ಚು ಅನ್ನಬಹುದೇ, ಬೇರೆ ಪದ ಬೇಕೇ? ನಿಮ್ಮ ಕಡೆಯ ಕೋರ್ಟು, ಠಾಣೆಗಳಲ್ಲಿ ಬಳಕೆಯಲ್ಲಿರುವ ಮಾತಿದ್ದರೆ ಇಡೀ ವಾಕ್ಯದ ಸಮೇತ ಬರೆಯಿರಿ.