ನೀಷೆಯ ಟಿಪ್ಪಣಿಗಳು: ವಿಷಯಕ್ರಮವೋ, ಕಾಲಕ್ರಮವೋ?

ಪ್ರಶ್ನೆ: ಜರ್ಮನ್ ತತ್ತ್ವಜ್ಞಾನಿ ನೀಷೆಯ ಅಪ್ರಕಟಿತ ಟಿಪ್ಪಣಿಗಳನ್ನು ಆಯ್ದು, ವಿಷಯವಾರು ಜೋಡಿಸಿ ಹೊರತಂದ ‘ವಿಲ್ ಟು ಪವರ್’ನಲ್ಲಿ 1901ರಲ್ಲಿ 483 ತುಣುಕುಗಳಿದ್ದವು, 1906ರ ಆವೃತ್ತಿಯಲ್ಲಿ ಅವು 1067 ಆದವು. ಲೇಖಕ ತೀರಿಕೊಂಡ ಮೇಲೆ ಹೀಗೆ ಬೆಳೆದ ಪುಸ್ತಕವನ್ನು ಅವನದೇ ಕೃತಿಯೆಂದು ನನ್ನ ಪ್ರಬಂಧದಲ್ಲಿ ಉಲ್ಲೇಖಿಸಬಹುದೇ?

ಉತ್ತರ 1: ಬೇಡವೆನ್ನುತ್ತೇನೆ. ಆ ಹೆಸರಿನ ಗ್ರಂಥದ ಯೋಜನೆಯನ್ನು ನೀಷೆ 1888ರಲ್ಲಿ ತಾನೇ ಕೈಬಿಟ್ಟಿದ್ದ. ಅದನ್ನು ಪುಸ್ತಕವಾಗಿಸಿದ್ದು ತಂಗಿ ಎಲಿಜಬೆತ್ ಸ್ಥಾಪಿಸಿದ ಸಂಗ್ರಹಾಲಯ. ಓದುವಾಗ ಟಾಲ್‌ಸ್ಟಾಯ್‌ನಿಂದ ಅವನು ನಕಲು ಮಾಡಿಕೊಂಡಿದ್ದ ಸಾಲುಗಳೂ ಅದರಲ್ಲಿ ಅವನ ಸ್ವಂತ ಚಿಂತನೆಯಂತೆ ಸೇರಿಹೋದವು, ಇದು ಸಣ್ಣ ತಪ್ಪಲ್ಲ. ವೈಮಾರ್‌ನಲ್ಲಿ ಹಸ್ತಪ್ರತಿಗಳನ್ನೇ ಮತ್ತೆ ಓದಿದ ಇಟಲಿಯ ವಿದ್ವಾಂಸರಾದ ಕೊಲ್ಲಿ ಮತ್ತು ಮೊಂಟಿನಾರಿ ಅವರು 1967ರಿಂದ ಪ್ರಕಟಿಸತೊಡಗಿದ ಆವೃತ್ತಿಯಲ್ಲಿ ಟಿಪ್ಪಣಿಗಳು ಕಾಲಕ್ರಮದಲ್ಲಿವೆ. ಅದನ್ನೇ ಬಳಸಿ.

ಉತ್ತರ 2: ಒಪ್ಪುತ್ತೇನೆ, ಆದರೆ ಕಾಲಕ್ರಮವೂ ಸಂಪಾದಕರ ನಿರ್ಣಯವೇ. ನೀಷೆ ನೋಟುಪುಸ್ತಕವನ್ನು ಹಲವು ಸಲ ಕೊನೆಯ ಪುಟದಿಂದ ಹಿಂದಕ್ಕೆ ತುಂಬುತ್ತಿದ್ದ, ಹಳೆಯ ಪುಟಗಳಿಗೆ ಮರಳಿ ತಿದ್ದುತ್ತಿದ್ದ. ಆದ್ದರಿಂದಲೇ ಅದೇ ಆವೃತ್ತಿಯ, 2001ರಿಂದ ಬಂದ ಒಂಬತ್ತನೆಯ ವಿಭಾಗದಲ್ಲಿ ಕೊನೆಯ ವರ್ಷಗಳ ಪುಟಗಳನ್ನು ಹೊಡೆದುಹಾಕಿದ ಪದ, ಸಾಲಿನ ನಡುವಿನ ಸೇರ್ಪಡೆ ಸಮೇತ ಇದ್ದಂತೆಯೇ ಅಚ್ಚಿಸಲಾಗಿದೆ.

ಪ್ರಶ್ನೆ ಕೇಳಿದವರು: ಹಾಗಾದರೆ ತುಣುಕಿನ ಹಳೆಯ ಸಂಖ್ಯೆಯ ಬದಲು ನೋಟುಪುಸ್ತಕದ ಸಂಖ್ಯೆಯನ್ನೇ ಕೊಡುತ್ತೇನೆ.