ಎರಡು ಕೈ, ಎರಡು ಕಾಲು ಎಲ್ಲಾ ಬಿಝಿ. ಹಾಗಾದರೆ ಪೈಪ್ ಆರ್ಗನ್‌ಗೆ ಗಾಳಿ ಹಾಕುತ್ತಿದ್ದವರು ಯಾರು?

ಮಳೆಸೀಮೆ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಹ್ಯಾಂಬರ್ಗ್‌ಗೆ ಬಂದು ಎಂಟು ತಿಂಗಳಾಯಿತು. ಹೋದ ವಾರ ಪೇಟೆ ಮಧ್ಯೆ ಜೋರು ಮಳೆ ಹಿಡಿಯಿತು. ಕೊಡೆ ಇರಲಿಲ್ಲ. ಎದುರಿಗೆ ಸೇಂಟ್ ಯಾಕೋಬಿ ಚರ್ಚ್ ಇತ್ತು, ಒಳಗೆ ಹೊಕ್ಕೆ. ಮೇಲೆ ಯಾರೋ ಪೈಪ್ ಆರ್ಗನ್ ಅಭ್ಯಾಸ ಮಾಡುತ್ತಿದ್ದರು. ಮೊದಲು ಸಣ್ಣಗೆ, ಕೊಳಲಿನ ಹಾಗೆ. ಆಮೇಲೆ ಒಂದು ತಗ್ಗಿನ ಸ್ವರ ಬಂತು ನೋಡಿ, ಅದು ಕಿವಿಗಿಂತ ಮೊದಲು ನಾನು ಕೂತಿದ್ದ ಬೆಂಚಿಗೆ ಗೊತ್ತಾಯಿತು!

ಮಳೆ ನಿಂತ ಮೇಲೂ ಒಂದು ಗಂಟೆ ಕೂತಿದ್ದೆ. ಬೋರ್ಡ್ ಓದಿದರೆ ಆರ್ಗನ್ 1693ರದ್ದು. ಕಟ್ಟಿದವರು ಆರ್ಪ್ ಶ್ನಿಟ್‌ಗರ್. ಅರುವತ್ತು ಸ್ಟಾಪ್ (ಯಾವ ಸಾಲಿನ ಪೈಪು ನುಡಿಯಬೇಕು ಅಂತ ಆರಿಸುವ ಹಿಡಿಗಳು), ಒಂದರ ಮೇಲೊಂದು ನಾಲ್ಕು ಕೀಬೋರ್ಡ್, ಕಾಲಿಗೆ ಬೇರೆ ಒಂದು.

ನನ್ನ ಪ್ರಶ್ನೆ ಬಂದದ್ದೇ ಅಲ್ಲಿ. ನಮ್ಮ ಅಜ್ಜ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ಕೆಲವು ಪದಗಳಿಗೆ ಅವರಿಗೆ ಎರಡೂ ಕೈ ಬೇಕಾಗುತ್ತಿತ್ತು. ಆಗ ಹಿಂದೆ ಕೂತು ತಿದಿ ಒತ್ತುವ ಕೆಲಸ ನನ್ನದು. ಜೋರಾಗಿ ಒತ್ತಿದರೆ ಬೈಗುಳ, ಮೆಲ್ಲಗೆ ಒತ್ತಿದರೂ ಬೈಗುಳ. ಇಲ್ಲಿ ನೋಡಿದರೆ ನುಡಿಸುವವರ ಎರಡು ಕೈಗೂ ಕೆಲಸ, ಎರಡು ಕಾಲಿಗೂ ಕೆಲಸ. 1693ರಲ್ಲಿ ಕರೆಂಟ್ ಅಂತೂ ಇರಲಿಲ್ಲ. ಹಾಗಾದರೆ ಅಷ್ಟು ಸಾವಿರ ಪೈಪಿಗೆ ಗಾಳಿ ಎಲ್ಲಿಂದ ಬರುತ್ತಿತ್ತು?

ಎರಡನೇ ಪ್ರಶ್ನೆ: ನಮ್ಮ ಹಾರ್ಮೋನಿಯಂ ಇದರ ಮರಿಯೇ?

ಪೇಟಿ ರಿಪೇರಿ:

ಎರಡನೇದಕ್ಕೆ ನಾನು ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ರಿಪೇರಿ ಮಾಡಲಿಕ್ಕೆ ಹಿಡಿದು 34 ವರ್ಷ ಆಯಿತು ನನಗೆ.

ಮರಿ ಅಲ್ಲ ತಮ್ಮಾ, ದಾಯಾದಿ ಅನ್ನು. ಪೇಟಿಯೊಳಗೆ ಸ್ವರ ಹುಟ್ಟುವುದು ಹಿತ್ತಾಳೆ ನಾಲಿಗೆಯಿಂದ. ನಾಲಿಗೆಯ ತುದಿ ಅರದಿಂದ ಉಜ್ಜಿದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ನನ್ನ ಅರ್ಧ ಜೀವನ ಅದರಲ್ಲೇ ಹೋಗಿದೆ. ಆರ್ಗನ್ನಿನ ಹೆಚ್ಚಿನ ಪೈಪುಗಳಲ್ಲಿ ನಾಲಿಗೆ ಇಲ್ಲ. ಜಾತ್ರೆಯಲ್ಲಿ ಮಕ್ಕಳು ಊದುವ ಪೀಪಿ ಉಂಟಲ್ಲ, ಆ ಲೆಕ್ಕ. ಬಾಯಿಯ ಹತ್ತಿರ ಒಂದು ಸೀಳು, ಅಲ್ಲಿ ಗಾಳಿ ತುಟಿಗೆ ಬಡಿದು ಕೊಳವೆಯೊಳಗಿನ ಗಾಳಿ ನಡುಗುತ್ತದೆ. ಸ್ವರ ತೀರ್ಮಾನ ಮಾಡುವುದು ಕೊಳವೆಯ ಉದ್ದ. ಎಂಟು ಅಡಿಯ ಪೈಪಿನ ಸ್ವರ ಒಂದು ಸಪ್ತಕ ಮೇಲೆ ಬೇಕೆಂದರೆ ನಾಲ್ಕು ಅಡಿ ಸಾಕು. ಕೆಳಗೆ ಬೇಕೆಂದರೆ ಹದಿನಾರು. ನಿನ್ನ ಬೆಂಚು ನಡುಗಿಸಿದ್ದು 32 ಅಡಿಯದ್ದು ಇರಬೇಕು. ಅದು ಸೆಕೆಂಡಿಗೆ 16 ಸಲ ಮಾತ್ರ ಕಂಪಿಸುತ್ತದೆ.

ನಾಲಿಗೆ ಇರುವ ಪೈಪುಗಳೂ ಆರ್ಗನ್ನಿನಲ್ಲಿ ಇರುತ್ತವೆ, ತುತ್ತೂರಿಯ ಹಾಗೆ ಕೂಗುತ್ತವೆ. ಆದರೆ ಅವುಗಳ ನಾಲಿಗೆ ಅಂಚಿಗೆ ಬಡಿಯುತ್ತದೆ. ನಮ್ಮ ಪೇಟಿಯದ್ದು ಸಂದಿಯೊಳಗೆ ಏನನ್ನೂ ಮುಟ್ಟದೆ ಆಡುತ್ತದೆ. ಈ ಪೆಟ್ಟಿಗೆಗೆ ಹಾರ್ಮೋನಿಯಂ ಅಂತ ಹೆಸರಿಟ್ಟು 1842ರಲ್ಲಿ ಪೇಟೆಂಟ್ ಮಾಡಿಸಿದವನು ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದಬೆಂ. ಅದು ಕಾಲಲ್ಲಿ ತುಳಿಯುವುದು. ಅದನ್ನು ನೆಲದ ಮೇಲೆ ಕೂತು ನುಡಿಸುವ ಕೈಪೇಟಿ ಮಾಡಿದ್ದು ಕಲ್ಕತ್ತಾದ ದ್ವಾರಕಾನಾಥ ಘೋಷ್, 1870ರ ದಶಕದಲ್ಲಿ.

ಮೊದಲನೇ ಪ್ರಶ್ನೆಗೆ ಅಲ್ಲಿಯವರೇ ಯಾರಾದರೂ ಬರಲಿ.

ಸೇಬಿನೂರಿನವಳು:

ಬಂದೆ ಸರ್. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಾನಿರುವುದು ಹ್ಯಾಂಬರ್ಗ್‌ನಿಂದ ಎಲ್ಬೆ ನದಿ ದಾಟಿದರೆ ಸಿಗುವ ಆಲ್ಟೆಸ್ ಲಾಂಡ್‌ನಲ್ಲಿ. ಕಣ್ಣು ಹಾಯಿಸಿದಷ್ಟೂ ಸೇಬಿನ ತೋಟ. ಪಕ್ಕದ ನೊಯೆನ್‌ಫೆಲ್ಡೆಯಲ್ಲೇ ಆ ಶ್ನಿಟ್‌ಗರ್ ಮನೆ ಮಾಡಿಕೊಂಡಿದ್ದ, 1719ರಲ್ಲಿ ಅಲ್ಲಿಯ ಚರ್ಚಿನಲ್ಲೇ ಅವನನ್ನು ಮಣ್ಣು ಮಾಡಿದ್ದು. ಹಾಗಾಗಿ ಇಲ್ಲಿ ಚಿಕ್ಕ ಚಿಕ್ಕ ಹಳ್ಳಿಯಲ್ಲೂ ದೊಡ್ಡ ಆರ್ಗನ್.

ಮಳೆಸೀಮೆಯವರೇ, ಅಜ್ಜನ ಹಿಂದೆ ಕೂತು ನೀವು ಮಾಡಿದ ಕೆಲಸಕ್ಕೆ ಇಲ್ಲಿ ಹೆಸರೇ ಇದೆ. ಕಲ್ಕಾಂಟ್. ಲ್ಯಾಟಿನ್‌ನಲ್ಲಿ ತುಳಿಯುವವನು ಅಂತ. ಆ ಕೆಲಸ ನಾನೂ ಒಂದು ದಿನ ಮಾಡಿದ್ದೇನೆ, ಮರ್ಯಾದೆ ಕಳೆದುಕೊಂಡಿದ್ದೇನೆ.

ನಮ್ಮ ಚರ್ಚಿನ ಆರ್ಗನ್‌ಗೆ ಈಗ ಕರೆಂಟ್ ಫ್ಯಾನ್ ಇದೆ. ಆದರೆ ಹಳೆಯ ತಿದಿಗಳನ್ನೂ ತುಳಿಯುವ ಹಾಗೇ ಇಟ್ಟಿದ್ದಾರೆ. ಒಂದು ಭಾನುವಾರದ ಕಚೇರಿಗೆ ಹಳೆಯ ರೀತಿಯಲ್ಲೇ ಗಾಳಿ ಹಾಕೋಣ ಅಂದರು. ನಾನು ಕೈಯೆತ್ತಿದೆ. ಆರ್ಗನ್ ಹಿಂದೆ ಒಂದು ಮರದ ಕೋಣೆ, ಧೂಳು ಮತ್ತು ತೊಗಲಿನ ವಾಸನೆ. ಗೋಡೆಯಿಂದ ಮೂರು ತೊಲೆಗಳು ಹೊರಗೆ ಚಾಚಿಕೊಂಡಿವೆ. ಕಂಬಿ ಹಿಡಿದುಕೊಂಡು ತೊಲೆಯ ಮೇಲೆ ನಿಲ್ಲಬೇಕು. ನನ್ನ ತೂಕ 52 ಕಿಲೋ. ಮೊದಲನೇ ಸಲ ನಿಂತಾಗ ತೊಲೆ ಅಲ್ಲಾಡಲೇ ಇಲ್ಲ! ಒಂದು ಸಲ ಕುಪ್ಪಳಿಸಿದ ಮೇಲೆ ಮೆಲ್ಲಗೆ ಇಳಿಯಿತು. ಆ ಕಡೆ ತಿದಿಯ ಮೇಲಿನ ಹಲಗೆ ಎದ್ದಿತು. ಹಲಗೆಯ ಮೇಲೆ ಕಲ್ಲು ಹೇರಿದ್ದಾರೆ. ನಾನು ಇಳಿದು ಪಕ್ಕಕ್ಕೆ ಬಂದರೆ ಆ ಕಲ್ಲಿನ ಭಾರಕ್ಕೆ ಹಲಗೆ ನಿಧಾನಕ್ಕೆ ಕೂರುತ್ತಾ ಗಾಳಿಯನ್ನು ಪೈಪುಗಳ ಕಡೆ ತಳ್ಳುತ್ತದೆ.

ನನಗೆ ವಿಷಯ ಹೊಳೆದದ್ದು ಅಲ್ಲಿ. ನಾನು ತುಳಿಯುವುದು ಕಲ್ಲು ಎತ್ತಲಿಕ್ಕೆ ಮಾತ್ರ. ಪೈಪಿಗೆ ಗಾಳಿ ಹಾಕುವುದು ಕಲ್ಲು. ನನಗೆ ಏದುಸಿರು ಬಂದರೂ ಕಲ್ಲಿಗೆ ಬರುವುದಿಲ್ಲ ನೋಡಿ. ನಿಮ್ಮ ಅಜ್ಜ ಬೈಯುತ್ತಿದ್ದರಲ್ಲ, ಗಾಳಿ ಒಂದೇ ಸಮ ಬರಬೇಕು ಅಂತ, ಅದಕ್ಕೇ ಈ ಕಲ್ಲು.

ಮೊಟ್ಟಮೊದಲ ಆರ್ಗನ್ ಮಾಡಿದವನೂ ಇದಕ್ಕೇ ತಲೆ ಕೆಡಿಸಿಕೊಂಡಿದ್ದ. ಕ್ರಿಸ್ತಪೂರ್ವ 3ನೇ ಶತಮಾನದ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್. ಕ್ಷೌರಿಕನ ಮಗನಂತೆ. ಅವನು ಕಲ್ಲಿನ ಬದಲು ನೀರು ಇಟ್ಟ. ಬಚ್ಚಲಲ್ಲಿ ಖಾಲಿ ಚೊಂಬನ್ನು ಬೋರಲು ಮಾಡಿ ಬಕೆಟ್ ನೀರಿಗೆ ಒತ್ತಿ ನೋಡಿ. ಒಳಗಿನ ಗಾಳಿಯನ್ನು ಸುತ್ತಲಿನ ನೀರು ಅದುಮುತ್ತಾ ಇರುತ್ತದೆ. ಆ ಚೊಂಬಿನ ತಳಕ್ಕೆ ಎರಡು ಕೊಳವೆ ಜೋಡಿಸಿ. ಒಂದರಿಂದ ಪಂಪು ಗಾಳಿ ತುಂಬಲಿ, ಇನ್ನೊಂದರಿಂದ ಪೈಪುಗಳಿಗೆ ಹೋಗಲಿ. ಪಂಪಿನವನು ಕೈ ಮೇಲೆತ್ತಿದ ಹೊತ್ತಿನಲ್ಲೂ ನೀರು ಗಾಳಿಯನ್ನು ತಳ್ಳುತ್ತಲೇ ಇರುತ್ತದೆ. ಅದಕ್ಕೇ ಅದರ ಹೆಸರು ಹೈಡ್ರಾಲಿಸ್, ನೀರಿನ ವಾದ್ಯ.

ಆಗ ಚರ್ಚಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ರೋಮನ್ನರು ಕಾಳಗದ ಅಖಾಡದಲ್ಲಿ ನುಡಿಸುತ್ತಿದ್ದರು. ಬುಡಾಪೆಸ್ಟ್‌ನ ಅಕ್ವಿಂಕಮ್‌ನಲ್ಲಿ 1931ರಲ್ಲಿ ಒಂದು ಚಿಕ್ಕ ಆರ್ಗನ್ ಅಗೆದಾಗ ಸಿಕ್ಕಿತು, 52 ಪೈಪಿನದು. ಜೊತೆಗೆ ಸಿಕ್ಕ ಫಲಕದ ಪ್ರಕಾರ 228ನೇ ಇಸವಿಯಲ್ಲಿ ಅದನ್ನು ದಾನ ಕೊಟ್ಟದ್ದು ಯಾರಿಗೆ ಗೊತ್ತಾ? ಊರಿನ ಬೆಂಕಿ ಆರಿಸುವವರ ಸಂಘಕ್ಕೆ! ಪಶ್ಚಿಮ ಯುರೋಪಿನಲ್ಲಿ ಆಮೇಲೆ ಇದು ಮರೆತೇ ಹೋಗಿತ್ತು. 757ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಫ್ರಾಂಕರ ದೊರೆ ಪೆಪಿನ್‌ಗೆ ಒಂದನ್ನು ಉಡುಗೊರೆ ಕಳಿಸಿದ ಮೇಲೆ ಮತ್ತೆ ಆಸೆ ಹುಟ್ಟಿತು.

ಚರ್ಚಿಗೆ ಬಂದ ಮೇಲೆ ನೀರು ಹೋಗಿ ತಿದಿ ಬಂತು, ಗಾತ್ರ ಬೆಳೆಯಿತು, ಆಳುಗಳು ಬೇಕಾದರು. ಇಂಗ್ಲೆಂಡಿನ ವಿಂಚೆಸ್ಟರ್‌ನ 10ನೇ ಶತಮಾನದ ಆರ್ಗನ್ ಬಗ್ಗೆ ವುಲ್ಫ್‌ಸ್ಟನ್ ಅನ್ನುವ ಸನ್ಯಾಸಿ ಪದ್ಯ ಬರೆದಿದ್ದಾನೆ. 400 ಪೈಪು, 26 ತಿದಿ, ಬೆವರು ಸುರಿಸುತ್ತಾ ಒತ್ತುವ 70 ಗಂಡಸರು! ಕೇಳಿದವರೆಲ್ಲ ಕಿವಿ ಮುಚ್ಚಿಕೊಳ್ಳುತ್ತಿದ್ದರಂತೆ. ಕವಿಗಳ ಲೆಕ್ಕ, ಸ್ವಲ್ಪ ಕಳೆದುಕೊಂಡೇ ಓದಬೇಕು. ಜರ್ಮನಿಯ ಹಾಲ್ಬರ್‌ಸ್ಟಾಟ್‌ನಲ್ಲಿ 1361ರಲ್ಲಿ ಕಟ್ಟಿದ್ದಕ್ಕೆ 20 ತಿದಿ, 10 ಆಳು ಅಂತ ಪ್ರೆಟೋರಿಯಸ್ ಅನ್ನುವ ಹಳೆಯ ಜರ್ಮನ್ ಸಂಗೀತಗಾರ ದಾಖಲೆ ಮಾಡಿದ್ದಾನೆ. ಇದು ನಂಬುವ ಹಾಗಿದೆ. ಆ ಕಾಲದ ದೊಡ್ಡ ಆರ್ಗನ್‌ಗಳಲ್ಲಿ ಸ್ಟಾಪ್ ಅನ್ನುವುದೇ ಇರಲಿಲ್ಲ. ಕೀಬೋರ್ಡಿನ ಒಂದು ಮನೆ ಒತ್ತಿದರೆ ಅದರ ಸಾಲಿನ ಪೈಪುಗಳೆಲ್ಲ ಒಟ್ಟಿಗೇ ಕೂಗುತ್ತಿದ್ದವು. ಬೇಡದ ಸಾಲಿಗೆ ಗಾಳಿ ತಡೆಯುವ ಪಟ್ಟಿ ಬಂದ ಮೇಲೆ ತಾನೇ ಬೇರೆ ಬೇರೆ ನಾದ ಆರಿಸಿಕೊಳ್ಳಲಿಕ್ಕೆ ಆಗಿದ್ದು.

ಜರ್ಮನಿಯ ಹೆಸರಾಂತ ಸಂಗೀತಗಾರ ಬಾಖ್ ಹೊಸ ಆರ್ಗನ್ ಪರೀಕ್ಷೆಗೆ ಹೋದರೆ ಮೊದಲು ಎಲ್ಲಾ ಸ್ಟಾಪ್ ಎಳೆದು, ತುಂಬು ಸ್ವರದಲ್ಲಿ ನುಡಿಸುತ್ತಿದ್ದನಂತೆ. ಇದರ ಶ್ವಾಸಕೋಶ ಗಟ್ಟಿ ಇದೆಯೋ ನೋಡಬೇಕು ಅಂತ ತಮಾಷೆ ಮಾಡುತ್ತಿದ್ದ ಎಂದು ಅವನ ಮಗನೇ ಬರೆದಿದ್ದಾನೆ. ಅಭ್ಯಾಸ ಮಾಡಬೇಕೆಂದರೂ ತುಳಿಯುವವನನ್ನು ಕರೆಯಬೇಕು, ಅವನಿಗೆ ದುಡ್ಡು ಕೊಡಬೇಕು. ಚಳಿಗಾಲದಲ್ಲಂತೂ ಚರ್ಚಿನೊಳಗೆ ಬೆರಳು ಮರಗಟ್ಟುತ್ತದೆ. ಅದಕ್ಕೇ ಆರ್ಗನ್ ನುಡಿಸುವವರು ಮನೆಯಲ್ಲಿ ಕ್ಲಾವಿಕಾರ್ಡ್ ಅನ್ನುವ ಚಿಕ್ಕ ತಂತಿವಾದ್ಯದಲ್ಲಿ ಅಭ್ಯಾಸ ಮಾಡುತ್ತಿದ್ದರು. ಅಂದ ಹಾಗೆ, ನೀವು ಕೂತಿದ್ದ ಯಾಕೋಬಿಯ ಕೆಲಸಕ್ಕೆ 1720ರಲ್ಲಿ ಬಾಖ್ ಕೂಡ ಬಂದಿದ್ದ. ಸಿಗಲಿಲ್ಲ. ಕೆಲಸ ಸಿಕ್ಕಿದ ಹೈಟ್‌ಮನ್ ಚರ್ಚಿಗೆ 4000 ಮಾರ್ಕ್ ಕೊಟ್ಟ. ನಮ್ಮ ಕಡೆಯ ಕಥೆ ಕೇಳಿದ ಹಾಗೇ ಅನ್ನಿಸುತ್ತೆ ಅಲ್ವಾ?

ನನ್ನ ಮರ್ಯಾದೆ ಹೋದ ಕಥೆ ಹೇಳಿಬಿಡುತ್ತೇನೆ. ಒಂದು ತಿದಿ ಕೂರುತ್ತಿರುವಾಗ ಇನ್ನೊಂದನ್ನು ಎತ್ತಬೇಕು. ನಾನು ಸಂಗೀತ ಕೇಳುತ್ತಾ ಮೈಮರೆತೆ. ಮೂರೂ ಕೂತುಬಿಟ್ಟವು. ಕೊನೆಯ ಸ್ವರಗುಚ್ಛ ಜಾರುತ್ತಾ ಜಾರುತ್ತಾ ಕೆಳಗಿಳಿಯಿತು, ಹೊಟ್ಟೆನೋವು ಬಂದ ಕರುವಿನ ಹಾಗೆ. ಅಷ್ಟರಲ್ಲಿ ನನ್ನ ಕಿವಿ ಪಕ್ಕ 'ಟಿಣ್ ಟಿಣ್' ಅಂತ ಗಂಟೆ. ಹಳೆಯ ಆರ್ಗನ್‌ಗಳಲ್ಲಿ ಸ್ಟಾಪ್‌ಗಳ ಸಾಲಿನಲ್ಲೇ ಒಂದು ಹಿಡಿ ಇರುತ್ತದೆ, ಎಳೆದರೆ ಸ್ವರ ಬರುವುದಿಲ್ಲ, ತುಳಿಯುವವನ ಪಕ್ಕದ ಗಂಟೆ ಬಡಿಯುತ್ತದೆ. ಆ ದಿನ ಅದನ್ನು ಎಷ್ಟು ಸಲ ಎಳೆದರೋ!

ಕರೆಂಟ್ ಫ್ಯಾನ್ ಬಂದದ್ದು 1900ರ ಆಸುಪಾಸು. ಕಲ್ಕಾಂಟ್‌ಗಳ ಕೆಲಸ ಹೋಯಿತು. ಗಾಳಿ ಎಷ್ಟು ಬೇಕಾದರೂ ಸಿಕ್ಕಿದ ಮೇಲೆ ಅಮೆರಿಕದವರು ಸುಮ್ನೆ ಬಿಡುತ್ತಾರಾ? ಅಟ್ಲಾಂಟಿಕ್ ಸಿಟಿಯ ಸಭಾಂಗಣದಲ್ಲಿ 33,000ಕ್ಕೂ ಜಾಸ್ತಿ ಪೈಪು ನಿಲ್ಲಿಸಿದರು. ನನಗೆ ಅದರ ಮೇಲೆ ಅಷ್ಟೇನೂ ಪ್ರೀತಿ ಇಲ್ಲ. ಫ್ಯಾನಿನ ಗಾಳಿ ಇಸ್ತ್ರಿ ಮಾಡಿದ ಬಟ್ಟೆ ಇದ್ದ ಹಾಗೆ. ತಿದಿಯ ಗಾಳಿಯಲ್ಲಿ ಕೂದಲೆಳೆಯಷ್ಟು ಏರಿಳಿತ ಇರುತ್ತದೆ, ಹಾಡುವವರು ಉಸಿರು ತೆಗೆದುಕೊಂಡ ಹಾಗೆ. ಈಗ ಹಳೆಯದನ್ನು ರಿಪೇರಿ ಮಾಡುವವರಲ್ಲಿ ಎಷ್ಟೋ ಜನ ಬೇಕೆಂದೇ ಅದನ್ನು ಉಳಿಸಿಕೊಳ್ಳುತ್ತಾರೆ.

ಪೇಟಿ ರಿಪೇರಿ:

ತಂಗೀ, ಕಲ್ಲಿನ ಮಾತು ಓದಿ ಖುಷಿ ಆಯಿತು. ಪೇಟಿಯಲ್ಲಿಯೂ ಹೊರಗಿನ ತಿದಿ ನೇರವಾಗಿ ಸ್ವರಕ್ಕೆ ಗಾಳಿ ಕೊಡುವುದಿಲ್ಲ. ಒಳಗೆ ಇನ್ನೊಂದು ತಿದಿ, ಅದನ್ನು ಅದುಮಲಿಕ್ಕೆ ಸ್ಪ್ರಿಂಗ್. ನಿಮ್ಮ ಕಲ್ಲು ಮಾಡುವ ಕೆಲಸ ಇಲ್ಲಿ ಸ್ಪ್ರಿಂಗ್ ಮಾಡುತ್ತದೆ. ಸ್ಪ್ರಿಂಗ್ ಸೋತ ಪೇಟಿ ತಂದು "ಸ್ವರ ಹೋಗಿದೆ" ಅನ್ನುತ್ತಾರೆ ಜನ. ಸ್ವರ ಎಲ್ಲಿ ಹೋಗುತ್ತದೆ, ಹೋದದ್ದು ಉಸಿರು.

ಕೋಟೆಬೀದಿ:

ಶ್ರೀರಂಗಪಟ್ಟಣದವನಾಗಿ ನಾನು ಸುಮ್ಮನಿದ್ದರೆ ಹೇಗೆ! ಟಿಪ್ಪುವಿನ ಹುಲಿಯ ಹೊಟ್ಟೆಯಲ್ಲಿ ಇರುವುದೂ ಪೈಪ್ ಆರ್ಗನ್ನೇ. ಬಿಳಿಯ ಸೈನಿಕನ ಮೇಲೆ ಹುಲಿ ಬಿದ್ದಿರುವ ಮರದ ಬೊಂಬೆ. ಪಕ್ಕೆಯ ಮುಚ್ಚಳ ತೆಗೆದರೆ ದಂತದ 18 ಗುಂಡಿಗಳು. ಹಿಡಿಕೆ ತಿರುಗಿಸಿದರೆ ಒಳಗಿನ ತಿದಿ ಆಡುತ್ತದೆ, ಮನುಷ್ಯನ ಕೈ ಮೇಲೆ ಕೆಳಗೆ ಆಗುತ್ತದೆ, ಅವನ ನರಳಾಟ, ಹುಲಿಯ ಗುರುಗುಟ್ಟು ಎಲ್ಲಾ ಕೇಳುತ್ತದೆ. ಅಂದರೆ ಒಬ್ಬ ಹಿಡಿಕೆ ತಿರುಗಿಸಬೇಕು, ಇನ್ನೊಬ್ಬ ನುಡಿಸಬೇಕು. ಇಲ್ಲೂ ಒಬ್ಬ ಕಲ್ಕಾಂಟ್ ಬೇಕೇ ಬೇಕು!

1799ರಲ್ಲಿ ಕೋಟೆ ಬಿದ್ದ ಮೇಲೆ ಲಂಡನ್‌ಗೆ ಹೋಯಿತು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಇಟ್ಟಿದ್ದರು. ಬಂದವರೆಲ್ಲ ಹಿಡಿಕೆ ತಿರುಗಿಸಿ ತಿರುಗಿಸಿ, ಪಕ್ಕದಲ್ಲಿ ಓದಲು ಕೂತವರಿಗೆ ತಲೆ ಚಿಟ್ಟು ಹಿಡಿದು ಹೋಗಿತ್ತಂತೆ. ಈಗ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಇದೆ.

ಮಳೆಸೀಮೆ ಹುಡುಗ:

ಅಕ್ಕ, ಕೋಟಿ ಥ್ಯಾಂಕ್ಸ್. ಹಿಂದೆ ಕೂತು ತಿದಿ ಒತ್ತಿದವರಿಗೆ ಜರ್ಮನಿಯಲ್ಲಿ ಹೆಸರಿದೆ ಅಂತ ಊರಿಗೆ ಫೋನ್ ಮಾಡಿ ಹೇಳಿದೆ. ಅಮ್ಮ ನಕ್ಕಿದ್ದೇ ನಕ್ಕಿದ್ದು.

ಇನ್ನೊಂದು ಪ್ರಶ್ನೆ. ಆ ಹಾಲ್ಬರ್‌ಸ್ಟಾಟ್‌ನಲ್ಲಿ ಒಂದೇ ಕೃತಿಯನ್ನು ನೂರಾರು ವರ್ಷ ನುಡಿಸುತ್ತಿದ್ದಾರೆ ಅಂತ ಆಫೀಸಿನಲ್ಲಿ ಒಬ್ಬ ಹೇಳಿದ. ತಮಾಷೆ ಮಾಡಿದ್ದಾ?

ಸೇಬಿನೂರಿನವಳು:

ತಮಾಷೆ ಅಲ್ಲ, ನಾನೇ ಹೋಗಿ ಬಂದಿದ್ದೇನೆ. ಆಗ ಹೇಳಿದೆನಲ್ಲ, ಅಲ್ಲಿಯ ಹಳೆಯ ಆರ್ಗನ್ 1361ರದ್ದು. ಅಲ್ಲಿಂದ 2000ಕ್ಕೆ 639 ವರ್ಷ. ಮುಂದಕ್ಕೂ ಅಷ್ಟೇ ವರ್ಷ ನುಡಿಸೋಣ ಅಂತ ಅಮೆರಿಕದ ಸಂಗೀತಗಾರ ಜಾನ್ ಕೇಜ್‌ನ ಒಂದು ಕೃತಿಯನ್ನು ಎಳೆದಿದ್ದಾರೆ. ಮುಗಿಯುವುದು 2640ರಲ್ಲಿ. ಸೇಂಟ್ ಬುರ್ಖಾರ್ಡಿ ಅನ್ನುವ ಹಳೆಯ ಕಲ್ಲಿನ ಚರ್ಚು, ಒಳಗೆ ಬೆಂಚಿಲ್ಲ, ಅಲಂಕಾರವಿಲ್ಲ. ಮೂಲೆಯಲ್ಲಿ ಚಿಕ್ಕ ಆರ್ಗನ್, ನುಡಿಸುವವರಿಲ್ಲ. ಒತ್ತಿದ ಮನೆಗಳು ಮೇಲೇಳದ ಹಾಗೆ ಮರಳಿನ ಚೀಲ ನೇತುಹಾಕಿದ್ದಾರೆ. ಸ್ವರ ಬದಲಾಗುವ ದಿನ ಜನ ಸೇರುತ್ತಾರೆ, 2024ರ ಫೆಬ್ರವರಿ 5ರಂದು ಒಮ್ಮೆ ಬದಲಾಯಿತು.

ಶುರುವಾದದ್ದು 2001ರ ಸೆಪ್ಟೆಂಬರ್ 5ಕ್ಕೆ. ಆದರೆ ಆ ಕೃತಿ ಮೌನದಿಂದ ಶುರುವಾಗುತ್ತದೆ. ಹಾಗಾಗಿ 2003ರ ಫೆಬ್ರವರಿಯ ತನಕ, ಹದಿನೇಳು ತಿಂಗಳು, ಒಂದು ಸ್ವರವೂ ಇರಲಿಲ್ಲ. ಒಳಗೆ ಹೋದವರಿಗೆ ಕೇಳಿಸುತ್ತಿದ್ದದ್ದು ತಿದಿಗೆ ಗಾಳಿ ತುಂಬುವ ಸದ್ದು ಮಾತ್ರ.

ಹೋಗುವುದಾದರೆ ದಪ್ಪ ಸ್ವೆಟರ್ ತಗೊಂಡು ಹೋಗಿ. ಬೇಸಿಗೆಯಲ್ಲೂ ಒಳಗೆ ಥಂಡಿ.